ಕಂಪು ಎಂದು ಬರೆದದ್ದು

ಆಗಬಹುದಾಗಿದ್ದದ್ದು ಇಷ್ಟು. ವಕೀಲರ ನೋಟಿಸು ರಿಜಿಸ್ಟರ್ ಅಂಚೆಯಲ್ಲಿ ಬರಬಹುದಿತ್ತು. ನಾನು ಮನೆಯಲ್ಲಿಲ್ಲದಾಗಲೇ ಬಂದು, ಇಡೀ ಓಣಿಗೆ ಸುದ್ದಿಯಾಗಬಹುದಿತ್ತು. ಸಿರುಗುಪ್ಪದ ಕೋರ್ಟಿನಲ್ಲಿ ನನ್ನ ಹೆಸರನ್ನು ಮೂರು ಸಲ ಕೂಗಬಹುದಿತ್ತು, ಮೂರನೆಯ ಕೂಗಿಗೆ ನಾನು ಮೂತ್ರಕ್ಕೆ ಹೋಗಿರಬಹುದಿತ್ತು. ನ್ಯಾಯಾಧೀಶರು ನನ್ನ ಬರಹವನ್ನು ಎಲ್ಲರೆದುರು ಓದಿಸಿ, ಕಾಗುಣಿತದ ತಪ್ಪಿಗೇ ಬೇರೆ ಶಿಕ್ಷೆ ಕೊಡಬಹುದಿತ್ತು. ಬಿ.ಪಿ. ಏರುವುದನ್ನು ಪಟ್ಟಿಗೆ ಸೇರಿಸುವುದಿಲ್ಲ. ಅದು ಹೇಗೂ ಏರಿಯೇ ಇರುತ್ತದೆ.

ಇದೆಲ್ಲ ಒಂದು ಚೀಲ ಅಕ್ಕಿಯಿಂದ.

ಸಿರುಗುಪ್ಪಕ್ಕೆ ಮದುವೆಗೆ ಹೋದವನು, ಬರುವಾಗ ಅಲ್ಲಿನ ಅಂಗಡಿಯೊಂದರಲ್ಲಿ ಹಳೇ ಅಕ್ಕಿ ಎಂದು ಕೇಳಿ ಒಂದು ಚೀಲ ತಂದಿದ್ದೆ. ಬಳ್ಳಾರಿಯ ನಮ್ಮ ಕುಕ್ಕರಿನಲ್ಲಿ ಅದು ಅನ್ನವಾಗಲಿಲ್ಲ, ಅಂಟಾಯಿತು. ಆ ಸಿಟ್ಟಿನಲ್ಲಿ ಫೋನಿನಲ್ಲಿ ಅಂಗಡಿಯ ಹೆಸರು ಹುಡುಕಿ, ಎರಡು ಸ್ಟಾರ್ ಒತ್ತಿ ಬರೆದೆ: “ಹಳೇ ಅಕ್ಕಿ ಎಂದು ಹೊಸದನ್ನು ಕೊಟ್ಟಿದ್ದಾರೆ. ಅನ್ನ ಮುದ್ದೆಯಾಯಿತು.” ಬರೀ ಬೈದರೆ ಚೆನ್ನಾಗಿರುವುದಿಲ್ಲ ಅನ್ನಿಸಿ, ಸಮತೋಲಕ್ಕೆ ಇನ್ನೊಂದು ಸಾಲು ಸೇರಿಸಿದೆ: “ಒಳಗೆ ಕಾಲಿಟ್ಟರೆ ಸಾಕು, ಕಂಪು ಮೂಗಿಗೆ ಅಡರುತ್ತದೆ.” ಘಮ ಎಂದಿದ್ದರೆ ಸಾಕಿತ್ತು. ಆದರೆ ನಾಲ್ಕು ಜನ ಓದುತ್ತಾರೆ ಎಂದ ಕೂಡಲೇ ನನ್ನ ಕನ್ನಡ ಇಸ್ತ್ರಿ ಅಂಗಿ ತೊಟ್ಟುಕೊಳ್ಳುತ್ತದೆ.

ನಾಲ್ಕನೆಯ ದಿನ ಫೋನ್ ಬಂತು. ಬಿಲ್ಲಿನಲ್ಲಿ ನನ್ನ ನಂಬರಿತ್ತಲ್ಲ. ಅಂಗಡಿಯ ಯಜಮಾನಿಯ ಸೊಸೆಯಂತೆ. “ನೀವು ಬರೆದದ್ದು ನಮ್ಮತ್ತಿಗೆ ಓದಿ ಹೇಳಿದೆ ರೀ. ಭಾಳ ಬ್ಯಾಸರ ಮಾಡ್ಕೊಂಡಾರ. ಒಂದು ಸಲ ಬಂದು ಮಾತಾಡ್ರಿ.”

ಅಂದೇ ನಮ್ಮ ಓಣಿಯ ವಕೀಲರ ಮನೆಗೆ ಓಡಿದೆ. ಅವರು ಹಲ್ಲುಜ್ಜುತ್ತಿದ್ದರು.

“ಇದು ಮಾನನಷ್ಟ ಆಗ್ತದೇನ್ರಿ?”

ಅವರು ಬಾಯಿ ಮುಕ್ಕಳಿಸಿ ಹೇಳಿದರು: “ಅನ್ನ ಮುದ್ದಿ ಆತು ಅಂದ್ರ ಅದು ನಿಮ್ಮ ಅನ್ನ, ನಿಮ್ಮ ಮಾತು. ಬೇಕಂತ ಮೋಸ ಮಾಡ್ಯಾರ ಅಂದ್ರ ಅದು ಅವರ ಮಾನ. ನಡುವಿನ ಗ್ವಾಡಿ ತೆಳ್ಳಗೈತಿ, ಒರಗಬ್ಯಾಡ್ರಿ.”

“ನಿಜ ಇದ್ರ?”

“ನಿಜ ಇದ್ದು, ನಾಕು ಮಂದಿಗೆ ಉಪಯೋಗ ಆಗೂದಿದ್ರ ಅಂಜಾಕ ಏನೈತಿ? ಆದ್ರ ನಿಜ ತೋರ್ಸಾಕ ಬರಬೇಕು.”

ತೋರಿಸಲು ನನ್ನ ಬಳಿ ಸಾಕ್ಷಿಯಿತ್ತು. ಆ ಮುದ್ದೆ ಅನ್ನವನ್ನು ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿದ್ದೆ. ಮನೆಗೆ ಬಂದು ನೋಡಿದರೆ ಡಬ್ಬಿ ತೊಳೆದು ಬೋರಲು ಹಾಕಿತ್ತು. ಹೆಂಡತಿ ಹೇಳಿದಳು: “ಮೊಸರನ್ನ ಮಾಡಿದ್ನಲ್ಲ ರೀ, ನೀವ ಎರಡು ಸಲ ನೀಡಿಸ್ಕೊಂಡ್ರಿ.”

ಸಾಕ್ಷಿಯನ್ನು ನಾನೇ, ಉಪ್ಪಿನಕಾಯಿ ಹಚ್ಚಿಕೊಂಡು, ನಾಶ ಮಾಡಿದ್ದೆ.

ಮರುದಿನ ಒಂದು ಹಿಡಿ ಅಕ್ಕಿಯನ್ನು ಅದೇ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕುರುಗೋಡು ಬರುವವರೆಗೆ ಕ್ಷಮೆ ಕೇಳುವುದೆಂದು ತೀರ್ಮಾನಿಸಿದ್ದೆ. ಕುರುಗೋಡಿನಲ್ಲಿ ಒಂದು ಚಹಾ ಕುಡಿದ ಮೇಲೆ, ಸತ್ಯಕ್ಕಾಗಿ ಹೋರಾಡುವುದೆಂದು ನಿಶ್ಚಯಿಸಿದೆ. ಸಿರುಗುಪ್ಪದಲ್ಲಿ ಇಳಿದಾಗ ಎರಡೂ ಮರೆತಿದ್ದವು.

ಯಜಮಾನಿಗೆ ಅರವತ್ತು ದಾಟಿರಬೇಕು. ಮನೆಮಾತು ತೆಲುಗು, ವ್ಯಾಪಾರ ಕನ್ನಡದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಡಬ್ಬಿ ಇಸಿದುಕೊಂಡು, ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಡಿದರು. ಹಳೆಯದಾಗಿದ್ದರೆ ಟಕ್ಕೆನ್ನಬೇಕಂತೆ. ಅದು ಎನ್ನಲಿಲ್ಲ.

“ಹೊಸದೇ. ಚೀಲ ಅದಲಿಬದಲಿ ಆಗೇತಿ. ತಪ್ಪು ನಮ್ದು, ಬ್ಯಾರೆ ಚೀಲ ಒಯ್ರಿ.”

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವರ ಕಣ್ಣು ತುಂಬಿತು.

“ಅಕ್ಕಿ ಬಗ್ಗೆ ಏನಾರ ಬರೀರಿ ನಾಯನಾ, ಬ್ಯಾಡ ಅನ್ನಾಂಗಿಲ್ಲ. ದಿನಾ ಎರಡು ಸಲ ಕಸ ಹೊಡಿತೀನಿ, ಲೋಬಾನ ಹಾಕ್ತೀನಿ. ನನ್ನ ಅಂಗಡ್ಯಾಗ ಕಂಪು ಅಂತ ಹೆಂಗ ಬರದ್ರಿ? ಓದಿದವರು ಯಾರು ಬರ್ತಾರ ಇಲ್ಲಿಗೆ?”

ಆಗ ತಲೆಗೆ ಹೊಳೆಯಿತು. ತೆಲುಗಿನಲ್ಲಿ ಕಂಪು ಎಂದರೆ ನಾತ. ಅರ್ಧ ಆಯುಷ್ಯ ಬಳ್ಳಾರಿಯಲ್ಲಿ, ಎಡಕ್ಕೂ ಬಲಕ್ಕೂ ತೆಲುಗು ಕೇಳುತ್ತಲೇ ಕಳೆದ ನನಗೆ ಇದು ಗೊತ್ತಿಲ್ಲದ ಮಾತಲ್ಲ. ಬೈದ ಎರಡು ಸಾಲು ನಿಜವಾಗಿದ್ದವು. ಹೊಗಳಿದ ಒಂದೇ ಸಾಲು ಅವರ ಮಾನ ಕಳೆದಿತ್ತು.

“ಅಮ್ಮಾರ, ಕನ್ನಡದಾಗ ಕಂಪು ಅಂದ್ರ ಛಲೋದು ರೀ. ಮಲ್ಲಿಗಿ ಕಂಪು ಅಂತೀವಲ್ಲ!”

“ಮಲ್ಲಿಗಿ ಕಂಪು ಹೊಡಿತದಾ?” ಅವರು ಸೊಸೆಯತ್ತ ತಿರುಗಿದರು. “ಕೇಳಿದೇನಬೇ, ಸಾಲಿ ಕಲಿತವರ ಮಾತು!”

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು. ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ಅಳೆದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

“ಆ ಮಾತು ಮೊದಲ ತೆಗೀರಿ. ವಾಸನಿ ಅಂತ ಹಾಕ್ರಿ, ವಾಸನಿ! ಮಲ್ಲಿಗಿಗೂ ನಾವು ಹಂಗ ಅಂತೀವಿ.”

ಕೋರ್ಟು ತಪ್ಪಿತೆಂಬ ಸಂಭ್ರಮದಲ್ಲಿ ಅಲ್ಲೇ ನಿಂತು ತಿದ್ದಿದೆ, ಸ್ಟಾರು ನಾಲ್ಕು ಮಾಡಿದೆ, ಜೋರಾಗಿ ಓದಿ ಹೇಳಿದೆ. ಅವರು ಖುಷಿಯಾಗಿ ಚೀಲವನ್ನು ಬಸ್ಸಿನವರೆಗೆ ಕಳಿಸಿಕೊಟ್ಟರು. ಈ ಸಲದ ಅಕ್ಕಿ ಟಕ್ಕೆಂದಿತು, ಅನ್ನ ಉದುರುದುರಾಯಿತು. ನೋಟಿಸು ಬರಲಿಲ್ಲ, ಯಾರೂ ನನ್ನ ಹೆಸರು ಕೂಗಲಿಲ್ಲ. ಊಟದ ಮೇಲೆ ಹೆಂಡತಿ ನನ್ನ ಫೋನು ಹಿಡಿದು ಕೂತಿದ್ದಳು.

“ಏನ್ರೀ, ಅಷ್ಟು ಛಲೋ ಅಕ್ಕಿ ಕೊಟ್ಟಾರ. ಒಳಗ ಕಾಲಿಟ್ರ ವಾಸನಿ ಮೂಗಿಗೆ ಅಡರ್ತೈತಿ ಅಂತ ಯಾಕ ಬರದೀರಿ?”