ಹಣ್ಣಾಗಲು ಒಂದೇ ಮನೆ

ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ಮರಳಿದವಳು ನಾನು, ಅದೂ ಒಂದು ಸಲವಲ್ಲ. ಮೆಟ್ಟುಗೂಡದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಕೂಕಟ್‌ಪಲ್ಲಿಯಲ್ಲಿ ಇಳಿಯುವ ಹೊತ್ತಿಗೆ ನನ್ನ ತಲೆಯೊಳಗೆ ಮಲ್ಕಾಜ್‌ಗಿರಿಯ ನಮ್ಮ ಮನೆ ಎರಡು ಸಲ ಸುಟ್ಟು, ಒಂದು ಸಲ ನಲ್ಲಿಯ ನೀರಿನಲ್ಲಿ ಮುಳುಗಿರುತ್ತದೆ. ಅವ್ವ ಇದಕ್ಕೆ ಒಂದೇ ಮಾತು ಹೇಳುತ್ತಾಳೆ: "ನಿನಗ ಹುಟ್ಟಿದಾಗಿಂದ ಇದಽ ರೋಗ ಐತಿ ನೋಡು." ನಲವತ್ತೆರಡನೆಯ ವಯಸ್ಸಿನಲ್ಲಿ ಈ ರೋಗಕ್ಕೇ ಸಂಬಳ ಕೊಡುವ ಕಡೆ ನನಗೆ ಕೆಲಸ ಸಿಕ್ಕಿತು.

ಅದು ಮೊಬೈಲ್ ಆಟಗಳನ್ನು ಮಾಡುವ ಸಣ್ಣ ಕಂಪನಿ. ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿ, ಹದಿನಾಲ್ಕು ಜನ, ಎರಡು ಏಸಿ, ಅದರಲ್ಲಿ ತಂಪು ಕೊಡುವುದು ಒಂದೇ. ಆಟ ಜನರ ಕೈಗೆ ಹೋಗುವ ಮುಂಚೆ ಆಡಿ ಆಡಿ, ಅದು ಎಲ್ಲಿ ಕೆಡುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಏನೆಲ್ಲ ಎಡವಟ್ಟಾಗಬಹುದು ಎಂದು ಕೂತು ಯೋಚಿಸಬೇಕು, ಅಷ್ಟೆ. ಅದನ್ನು ನಾನು ಬಿಟ್ಟಿಯಾಗಿಯೇ ಜೀವಮಾನವೆಲ್ಲ ಮಾಡಿಕೊಂಡು ಬಂದಿದ್ದೆ.

ಮೊದಲು ನಾನು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಪ್ಪನಿಗೆ ಎದೆನೋವು ಶುರುವಾದ ಮೇಲೆ ಅದನ್ನು ಬಿಟ್ಟೆ. ಅಪ್ಪ ಹೋಗಿ ವರ್ಷವಾದ ಮೇಲೆ ಮತ್ತೆ ಕೆಲಸ ಹುಡುಕಿದರೆ, ನಡುವೆ ಖಾಲಿ ಬಿದ್ದ ನಾಲ್ಕು ವರ್ಷದ ಮೇಲೆ ಎಲ್ಲರೂ ಬೆರಳಿಟ್ಟರು. ಇಲ್ಲಿ ಮಾತ್ರ, ಆರು ತಿಂಗಳು ನೋಡೋಣ, ಕಾಯಂ ಮಾಡುವ ಮಾತು ಆಮೇಲೆ ಎಂದರು. ಈ ಕೆಲಸವೂ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಆರು ತಿಂಗಳು ನಾನು ಒಂದು ದಿನವೂ ನೆಮ್ಮದಿಯಿಂದ ಊಟದ ಡಬ್ಬಿ ತೆರೆಯಲಿಲ್ಲ.

ಸಂದರ್ಶನದ ದಿನ ನನ್ನ ಟೀಮ್ ಲೀಡ್ ಆಗಲಿದ್ದವನು ಒಂದೇ ಪ್ರಶ್ನೆ ಕೇಳಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು, ವರಂಗಲ್ ಕಡೆಯವನು. ಒಳ್ಳೆಯ ಆಟ ಅಂದರೆ ಯಾವುದು ಎಂದ. ಕೋಚಿಂಗ್ ಸೆಂಟರಿನ ಅಭ್ಯಾಸಬಲದಿಂದ, ಸೋತವರಿಗೆ ತಾವು ಯಾಕೆ ಸೋತೆವು ಎಂದು ತಿಳಿಯಬೇಕು ಎಂದುಬಿಟ್ಟೆ. ಅವನು ಪೆನ್ನು ಕೆಳಗಿಟ್ಟು, ನಾಳೆಯಿಂದ ಬನ್ನಿ ಎಂದ.

ಆಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಮೆಟ್ರೋದಲ್ಲಿ ನಿಂತೇ ಆಟ ಆಡುವುದು, ತೋಚಿದ್ದನ್ನು ನೋಟ್‌ಬುಕ್ಕಿನಲ್ಲಿ ಗೀಚುವುದು ನಡೆಯಿತು. ಬೆರಳು ಒತ್ತಿದ ಕ್ಷಣಕ್ಕೇ ಜಿಗಿಯಬೇಕು, ಕಣ್ಣು ರೆಪ್ಪೆ ಹೊಡೆಯುವಷ್ಟು ತಡವಾದರೂ ಆಡುವವರಿಗೆ ಆಟದ ಮೇಲೆ ನಂಬಿಕೆ ಹೋಗುತ್ತದೆ. ಹೇಗೆ ಆಡಬೇಕೆಂದು ಆಟ ಉದ್ದುದ್ದ ಭಾಷಣ ಬಿಗಿದರೆ ಅದನ್ನು ಯಾರೂ ಓದುತ್ತ ಕೂರುವುದಿಲ್ಲ. ಮೊದಲ ಹಳ್ಳದಲ್ಲಿ ಬಿದ್ದಾಗಲೇ ಹಳ್ಳ ಅಂದರೇನು ಎಂದು ಗೊತ್ತಾಗಬೇಕು. ಸೋತರೆ ಥೂ ಎನ್ನಿಸಬೇಕು, ಆದರೆ ಆ ಥೂ ಮುಗಿಯುವುದರೊಳಗೆ ಕೈ ಮತ್ತೊಂದು ಆಟ ಶುರು ಮಾಡಿರಬೇಕು. ನನಗಂತೂ ಇನ್ನೊಂದು ಕಾರಣಕ್ಕೆ ಆಟ ಹಿಡಿಸತೊಡಗಿತ್ತು. ಅದರಲ್ಲಿನ ದಿಗಿಲಿಗೆ ಒಂದು ಕೊನೆ ಇರುತ್ತದೆ. ಮೂರು ನಿಮಿಷ ಎದೆ ಹೊಡೆದುಕೊಳ್ಳುತ್ತದೆ, ಗೆದ್ದೆ ಅಥವಾ ಸೋತೆ ಎಂದು ಬರುತ್ತದೆ, ಮುಗಿಯಿತು. ನನ್ನ ಉಳಿದ ಯಾವ ಹೆದರಿಕೆಗೂ ಹೀಗೆ ಪರದೆ ಬಿದ್ದದ್ದಿಲ್ಲ.

ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದ ಮಾತು ಮಾತ್ರ ಬೇರೆ: ಆಟಕ್ಕೆ ದಯೆ ಇರಬೇಕು. ಕೆಲವು ಆಟಗಳಲ್ಲಿ ನಾಲ್ಕು ಸಲ ಸೋತರೆ ಐದನೆಯ ಸಲ ಅದು ಗುಟ್ಟಾಗಿ ತನ್ನನ್ನು ಸುಲಭ ಮಾಡಿಕೊಳ್ಳುತ್ತದೆ. ಎಷ್ಟು ಒಳ್ಳೆಯ ಗುಣ ಎಂದುಕೊಂಡು ಲೀಡ್‌ಗೆ ಹೇಳಿದೆ. ಅವನು ನಕ್ಕು, ತೆಲುಗಿನಲ್ಲಿ "ಅಕ್ಕಾ" ಎಂದವನೇ, ದಯೆ ತೋರಿಸಿದ್ದು ಆಡುವವರಿಗೆ ಗೊತ್ತಾಗದೆ ಇರುವುದಿಲ್ಲ, ಗೊತ್ತಾದ ದಿನ ಅವರು ಆಟ ತೆಗೆದುಹಾಕುತ್ತಾರೆ ಎಂದ. ಇನ್ನೂ ಬದುಕು ಕಾಣದ ಹುಡುಗ ಎಂದು ನಾನು ಮನಸ್ಸಿನಲ್ಲೇ ಅವನನ್ನು ಕ್ಷಮಿಸಿದೆ.

ಐದನೆಯ ತಿಂಗಳಿಗೆ ನಮಗೆ ಬಂದದ್ದು ಕವಡೆ ಆಟ. ತೆಲುಗಿನವರು ಅಷ್ಟಾ ಚಮ್ಮ ಅನ್ನುತ್ತಾರೆ, ನಮ್ಮಲ್ಲಿ ಚೌಕಾಬಾರ. ಐದೈದು ಮನೆಗಳ ಚೌಕ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ಎದುರಾಳಿ ನಿಂತ ಮನೆಗೇ ಬಂದು ಒಂದಾದರೂ ಕಾಯಿ ಕಡಿದಿದ್ದರೆ ಒಳಸುತ್ತಿಗೆ ಪ್ರವೇಶ, ಆಮೇಲೆ ನಟ್ಟನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಕಡಿಸಿಕೊಂಡ ಕಾಯಿ ಮತ್ತೆ ಮೊದಲಿಂದ ಬರಬೇಕು, ಕಡಿದವರು ಇನ್ನೊಂದು ಸಲ ಕವಡೆ ಹಾಕಬೇಕು. ಒಂದೇ ಫೋನಿನಲ್ಲಿ ಇಬ್ಬರು ಎದುರುಬದುರು ಕೂತು ಆಡುವ ಭಾಗವನ್ನು ಪೂರ್ತಿ ನನಗೇ ವಹಿಸಿದ್ದರು. ಎದುರಿಗೆ ಕೂರಲು ಯಾರಿಗೂ ಪುರಸೊತ್ತಿಲ್ಲ, ಹಾಗಾಗಿ ಎರಡೂ ಕಡೆ ನಾನೇ. ಯಾವಾಗಿನಿಂದಲೋ ಗೊತ್ತಿಲ್ಲ, ಬಲಗೈ ನಾನು, ಎಡಗೈ ಅಪ್ಪ ಎಂದು ಲೆಕ್ಕ ಹಿಡಿದಿದ್ದೆ.

ಏನೇನು ನೋಡಬೇಕೆಂಬ ಪಟ್ಟಿಯನ್ನೂ ನಾನೇ ಬರೆದೆ, ಇನ್ನೂರಕ್ಕೂ ಹೆಚ್ಚು ಸಾಲು. ಆಟದ ನಡುವೆ ಫೋನ್ ಬಂದರೆ, ಚಾರ್ಜ್ ಮುಗಿದರೆ, ಮಗು ಬಂದು ಪರದೆಯ ಮೇಲೆ ಕೈಯಿಟ್ಟರೆ, ಒದ್ದೆ ಬೆರಳಲ್ಲಿ ಒತ್ತಿದರೆ. ಪಟ್ಟಿ ನೋಡಿ ಲೀಡ್, ಇಷ್ಟು ಹೆದರುವವರು ಸಿಕ್ಕಿದ್ದು ನಮ್ಮ ಪುಣ್ಯ ಎಂದ. ಶುಕ್ರವಾರ ಎಲ್ಲ ಸರಿಯಿದೆ ಎಂದು ಸಹಿ ಹಾಕಿ ಕಳಿಸಿದೆ. ಸೋಮವಾರ ಹನ್ನೊಂದಕ್ಕೆ ಆಟ ಬಿಡುಗಡೆ, ಅವತ್ತೇ ನನ್ನನ್ನು ಕಾಯಂ ಮಾಡುವ ಮಾತು.

ಭಾನುವಾರ ಮಧ್ಯಾಹ್ನ ಅವ್ವ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಸುಮ್ಮನೆ ಕೂತರೆ ನನಗೆ ಸೋಮವಾರದ್ದೇ ಯೋಚನೆ, ಅದಕ್ಕೇ ಫೋನು ಮುಂದಿಟ್ಟು ಆಡು ಬಾ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬೆರಳಿಟ್ಟಳು. "ಕವಡಿ ಸಪ್ಪಳ ಛಲೋ ಮಾಡ್ಯಾರ" ಎಂದು ಮೆಚ್ಚಿಕೊಂಡಳು. ಹತ್ತು ನಿಮಿಷಕ್ಕೆ ಅವಳು ಮೈಮರೆತು ಆಡತೊಡಗಿದ್ದು ನೋಡಿ ನನಗೂ ಹಿತವೆನ್ನಿಸಿತು. ನನ್ನ ಒಂದು ಕಾಯಿ ಹಣ್ಣಾಗಲು ಇನ್ನು ಒಂದೇ ಮನೆ ಇತ್ತು. ಅವ್ವನಿಗೆ ಮೂರು ಬಿತ್ತು. ಅವಳು ಹಿಂದುಮುಂದು ನೋಡದೆ ನನ್ನ ಕಾಯಿ ಕಡಿದಳು.

ಫೋನು ಹಾಗೇ ನಿಂತಿತು. ನನ್ನ ಕಾಯಿ ಇದ್ದಲ್ಲೇ ಇದೆ, ಅವಳ ಕಾಯಿ ಅದರ ಮೇಲೇ ಕೂತಿದೆ, ಕವಡೆ ಅಲುಗುತ್ತಿಲ್ಲ. ಫೋನಿನದೇ ತೊಂದರೆ ಇರಬೇಕೆಂದು ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಮೂರು ಸಲ ಅದೇ ಜಾಗ, ಅದೇ ಕಡಿತ, ಮೂರು ಸಲವೂ ಆಟ ಸತ್ತಿತು. ಲ್ಯಾಪ್‌ಟಾಪ್ ತೆಗೆದು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಒದ್ದೆ ಬೆರಳು ಇತ್ತು, ಮಗುವಿನ ಕೈ ಇತ್ತು. ಕೊನೆಯ ಮನೆಯಲ್ಲಿ ಎದುರಾಳಿಯ ಕಾಯಿ ಕಡಿಯುವುದು ಇರಲಿಲ್ಲ.

ಯಾಕಿರಲಿಲ್ಲ ಎಂದು ನನಗೆ ತಕ್ಷಣ ಹೊಳೆಯಿತು. ನನಗಾಗ ಒಂಬತ್ತು ವರ್ಷ. ಅಪ್ಪ ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್, ನಾವು ಅದರ ಕ್ವಾರ್ಟರ್ಸಿನಲ್ಲಿದ್ದೆವು. ಭಾನುವಾರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಣಸೆಬೀಜ, ಬಳೆಚೂರು ಇಟ್ಟುಕೊಂಡು ಆಡುವುದು. ಬಾಗಲಕೋಟೆಯಿಂದ ಬಂದಿದ್ದ ಅಜ್ಜಿಯೂ ಆಟಕ್ಕೆ ಕೂತಿದ್ದಳು. ಅಪ್ಪನ ಕಾಯಿ ಕೊನೆಯ ಮನೆಯಲ್ಲಿತ್ತು. ನಾನು ಕಡಿಯಲು ಕೈ ಚಾಚಿದಾಗ ಅಜ್ಜಿ ಮಣಿಕಟ್ಟಿಗೆ ಪಟ್ಟನೆ ಹೊಡೆದು, "ಹಡದಪ್ಪನ ಕಾಯಿ ಹೊಸ್ತಿಲದಾಗ ಕಡೀತಿಯೇನ? ಆಯುಷ್ಯ ಕಡಿಮಿ ಆಗತೈತಿ" ಎಂದಿದ್ದಳು. ಅವತ್ತಿನಿಂದ ನಾನು ಆ ಮನೆಯಲ್ಲಿ ಅಪ್ಪನ ಕಾಯಿ ಕಡಿದಿಲ್ಲ. ಬೇರೆ ಕಾಯಿ ನಡೆಸಿ ತಪ್ಪಿಸುತ್ತಿದ್ದೆ. ಅಪ್ಪ ಎದೆ ಹಿಡಿದುಕೊಂಡು ಮಲಗಿದ ವರ್ಷಗಳಲ್ಲಂತೂ ಕವಡೆ ಹಾಕುವಾಗಲೇ, ಕಡಿಯುವಷ್ಟು ಬೀಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅಪ್ಪ ಹೋದ ಮೇಲೂ, ಕೂಕಟ್‌ಪಲ್ಲಿಯ ಆಫೀಸಿನಲ್ಲಿ, ನನ್ನ ಬಲಗೈ ಆ ಮನೆಯಲ್ಲಿ ನನ್ನದೇ ಎಡಗೈಯನ್ನು ಕಡಿದಿರಲಿಲ್ಲ, ಎಡಗೈಗೂ ಅಲ್ಲಿ ಕಡಿಯಲು ಬಿಟ್ಟಿರಲಿಲ್ಲ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಬೆಳ್ಳುಳ್ಳಿಯ ಸಿಪ್ಪೆ ಊದಿ, "ಎಂಥಾ ಆಯುಷ್ಯ? ಅವತ್ತ ನಿಮ್ಮಜ್ಜಿ, ನಿಮ್ಮಪ್ಪ ಒಂದು ಕಡೆ, ನಾ, ನೀ ಒಂದು ಕಡೆ. ಮುದುಕಿ ಸೋಲಾಕತ್ತಿದ್ಲು, ಅದಕ್ಕ ಹಂಗ ಅಂದ್ಲು" ಎಂದಳು.

ಮೂವತ್ತಮೂರು ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದು ಒಬ್ಬ ಮುದುಕಿಯ ಕಳ್ಳಾಟ.

ಆದರೆ ಆಗ ಅಜ್ಜಿಗಿಂತ ಸೋಮವಾರ ದೊಡ್ಡದಾಗಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಬಿಡುಗಡೆಯಾಗಲಿ, ಕಾಯಂ ಆಗಲಿ, ಎರಡು ದಿನ ಬಿಟ್ಟು ಈಗಷ್ಟೇ ಸಿಕ್ಕಿತು ಎನ್ನಬಹುದಿತ್ತು. ನಾನು ಅದನ್ನು ಒಂದು ಗಂಟೆ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆದು ಮಡಚಿದೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ. ಎಲ್ಲೋ ಒಬ್ಬ ತಾಯಿ ಮಗಳ ಕಾಯಿ ಕಡಿದು, ಫೋನು ನಿಂತು, ತಾನೇ ಏನೋ ತಪ್ಪು ಒತ್ತಿದೆ ಎಂದುಕೊಂಡು ಫೋನು ಕೆಳಗಿಡುವುದು ಕಣ್ಣ ಮುಂದೆ ಬಂತು. ಸಂದರ್ಶನದಲ್ಲಿ ನಾನೇ ಹೇಳಿದ್ದೆನಲ್ಲ, ಸೋತವರಿಗೆ ಯಾಕೆ ಎಂದು ತಿಳಿಯಬೇಕು. ನಾಲ್ಕು ಗಂಟೆಗೆ ಲೀಡ್‌ಗೆ ಫೋನು ಮಾಡಿದೆ.

ಅವನು ಯಾವುದೋ ಮದುವೆಯಲ್ಲಿದ್ದ, ಹಿಂದೆ ಬ್ಯಾಂಡು ಬಾರಿಸುತ್ತಿತ್ತು. "ಅಕ್ಕಾ, ಏಮೈಂದಿ?" ಎಂದು ಕೂಗಿದ. ಏನಾಯಿತೆಂದು ಹೇಳಿದೆ. ತಪ್ಪು ನನ್ನದೇ, ನಾನು ನೋಡಿಲ್ಲ ಎಂದೆ. ಬ್ಯಾಂಡಿನ ಸದ್ದು ದೂರವಾಯಿತು, ಅವನು ಹೊರಗೆ ನಡೆದುಹೋಗಿರಬೇಕು. ಬಿಡುಗಡೆ ನಿಲ್ಲಿಸುತ್ತೇನೆ ಎಂದಷ್ಟೇ ಹೇಳಿ ಇಟ್ಟ. ನನ್ನ ವಿಷಯ ಅವನು ಎತ್ತಲಿಲ್ಲ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಸೋಮವಾರ ಕೆಟ್ಟದ್ದರ ವರದಿ ಬರೆಯಬೇಕಿತ್ತು. ಅದರಲ್ಲಿ ಕಾರಣ ಎಂಬ ಒಂದು ಅಂಕಣವಿದೆ. ಅಜ್ಜಿಯನ್ನು ಅದರೊಳಗೆ ಹೇಗೆ ತೂರಿಸುವುದು? ಪರೀಕ್ಷೆ ಮಾಡಿದವರು ಎದುರಾಳಿಯ ಮೇಲೆ ಕರುಣೆ ತೋರಿಸುತ್ತಿದ್ದರು ಎಂದು ಬರೆದೆ. ಲೀಡ್ ಓದಿ ನನ್ನ ಮುಖ ನೋಡಿದ, ಏನೂ ತಿದ್ದಲಿಲ್ಲ. ಬಿಡುಗಡೆ ಎರಡು ವಾರ ಮುಂದಕ್ಕೆ ಹೋಯಿತು, ನನ್ನನ್ನು ಕಾಯಂ ಮಾಡುವುದು ಮೂರು ತಿಂಗಳು ಮುಂದಕ್ಕೆ. ಮೂರು ತಿಂಗಳ ಮೇಲೆ ಏನು ಎಂದರೆ, ನೋಡೋಣ ಎಂದರು. ಆ ನೋಡೋಣ ಎಂಬ ಮಾತನ್ನು ಹೊತ್ತುಕೊಂಡೇ ಮೆಟ್ರೋ ಹತ್ತಿದೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವ್ವ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹಳೆಯ ಕವಡೆ ಹುಡುಕಿ ಇಟ್ಟುಕೊಂಡು ಕೂತಿದ್ದಳು. ಫೋನಿನ ಆಟ ಅವಳಿಗೆ ರುಚಿ ಹತ್ತಿಸಿತ್ತು. ಕೈಕಾಲು ತೊಳೆದು ಎದುರಿಗೆ ಕೂತೆ. ಆಡುತ್ತ ಆಡುತ್ತ ಅವಳು ತಾನಾಗಿಯೇ ಹೇಳಿದಳು.

"ನಿಮ್ಮಪ್ಪಾರು ಬೇಕಂತಽ ಅಲ್ಲಿ ಬಂದು ನಿಲ್ಲತಿದ್ರು. ಕೊನೀ ಮನ್ಯಾಗ. ನೀ ಕಡೀತಿ ಏನಂತ ನೋಡಾಕ."

"ನನಗ ಯಾವತ್ತೂ ಹೇಳಲಿಲ್ಲಲ್ಲ?"

"ನನ್ನ ಮುಂದ ಅಂತಿದ್ರು. ಈಕಿ ನನ್ನನ್ನ ರೋಗಿ ಅಂತ ತಿಳದು ಆಡತಾಳ, ಈಕಿ ಜೋಡಿ ಆಡಾಕ ಮಜಾ ಇಲ್ಲ ಅಂತ. ಅದಕ್ಕಽ ಕೊನಿಕೊನಿಗೆ ತಲಿ ನೋಯತೈತಿ ಅಂತ ಎದ್ದು ಹೋಗತಿದ್ರು."

ಆ ತಲೆನೋವುಗಳೆಲ್ಲ ನನಗೆ ನೆನಪಿವೆ. ಪ್ರತಿ ಸಲ ನಾನು ಗಾಬರಿಯಾಗಿ ಬಿಪಿ ನೋಡುತ್ತಿದ್ದೆ. ಅಪ್ಪ ತೋಳು ಚಾಚುತ್ತಿದ್ದರು. ಮೂರು ವರ್ಷ ನಾನು ಅವರನ್ನು ಗೆಲ್ಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಒಬ್ಬ ಎದುರಾಳಿಗಾಗಿ ಕಾದು ಕೂತಿದ್ದರು. ನನಗೆ ಬಹಳ ಸಂಕಟವಾಯಿತು.

ಅವ್ವನ ಕಾಯಿ ಕೊನೆಯ ಮನೆಗೆ ಬಂದು ನಿಂತಿತು. ನಾನು ಕವಡೆ ಹಾಕಿದೆ, ಎರಡು ಬಿತ್ತು. ಸರಿಯಾಗಿ ಎರಡು ಮನೆ ಹಿಂದೆ ನನ್ನ ಕಾಯಿ. ಕೈ ಅಲ್ಲೇ ನಿಂತಿತು. ಅವ್ವನಿಗೆ ಎಪ್ಪತ್ತೊಂದು, ಮಂಡಿ ಊದಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಅದೆಲ್ಲ ಅಜ್ಜಿಯ ಕಳ್ಳಾಟ ಎಂದು ಗೊತ್ತಿದ್ದೂ ಕಣ್ಣು ನಡೆಸಲು ಬೇರೆ ಕಾಯಿ ಹುಡುಕುತ್ತಿತ್ತು.

"ನಿನಗ ಏನರ ಆದ್ರ?" ಎಂದು ಕೇಳಿಯೇಬಿಟ್ಟೆ.

"ಏನಾಗತೈತಿ? ಮತ್ತ ಮದಲಿಂದ ಬರತೀನಿ" ಎಂದಳು ಅವ್ವ.

ಕಡಿದೆ. ಅವಳು ತನ್ನ ಬಳೆಚೂರನ್ನು ಎತ್ತಿಕೊಂಡು ತನ್ನ ಮನೆಯಲ್ಲಿಟ್ಟಳು, ಒಂದಿಷ್ಟು ಮುಂದಕ್ಕೆ ಸರಿದು ನೆಟ್ಟಗೆ ಕೂತಳು. ನಾನು ಕವಡೆಯನ್ನು ಅವಳ ಕಡೆ ನೂಕಿದೆ. ಅವಳು ಹಾಗೇ ಹಿಂದಕ್ಕೆ ನೂಕಿದಳು.

"ಕಡದಾಕಿ ನೀ. ಮತ್ತ ನೀನಽ ಹಾಕಬೇಕು."