ಯೋಯೆಜರ್ ‘ಹೋಗು’ ಎನ್ನಲಾರದೆ ಹೋದದ್ದು

ಗಲಿಲಾಯದ ಆ ಗುಡ್ಡದೂರಿನಲ್ಲಿ ಮದುಮಗಳನ್ನು ಕರೆತರುವ ದಿನವನ್ನು ಹುಡುಗನ ತಂದೆಯೇ ಹೇಳಬೇಕು. ಯೋಯೆಜರ್ ಹೇಳುತ್ತಲೇ ಇರಲಿಲ್ಲ.

ಹೋದ ವರ್ಷ ಅವನ ಮಗ ಮೆನಹೇಮ್ ಪಕ್ಕದೂರಿನ ಶಪ್ಪೀರಾಳ ಮುಂದೆ ದ್ರಾಕ್ಷಾರಸದ ಬಟ್ಟಲು ಇಟ್ಟಿದ್ದ. ಅವಳು ಎತ್ತಿ ಕುಡಿದಳು. ಆ ಗಳಿಗೆಯಿಂದ ಅವಳು ಅವನ ಹೆಂಡತಿಯೇ. ಆದರೆ ಅವನು ತಂದೆಯ ಮನೆಗೆ ತಗುಲಿಸಿ ಒಂದು ಕೋಣೆ ಕಟ್ಟಬೇಕು, ಅಪ್ಪ ನೋಡಿ ‘ಹೋಗು’ ಅನ್ನಬೇಕು. ಅಲ್ಲಿಯವರೆಗೆ ಅವಳು ತವರಲ್ಲೇ ಕಾಯಬೇಕು. ಗೋಧಿಯ ಕೊಯ್ಲಿಗೆ ಮುಂಚೆಯೇ ಕೋಣೆ ಎದ್ದು ನಿಂತಿತ್ತು. ಯೋಯೆಜರ್ ಮಾತ್ರ ದಿನವೂ ಒಳಹೊಕ್ಕು ಏನಾದರೊಂದು ಕೊರತೆ ಹುಡುಕಿ ಬರುತ್ತಿದ್ದ. ಒಮ್ಮೆ ತೊಲೆ ಬದಲಾಯಿಸಿದ. ಇನ್ನೊಮ್ಮೆ ಚಾವಣಿಯ ಜೊಂಡನ್ನೆಲ್ಲ ಕಿತ್ತು ಮತ್ತೆ ಹೊದಿಸಿ, ಮೇಲೆ ಮಣ್ಣು ಮೆತ್ತಿದ.

“ಇನ್ನು ಯಾವಾಗಪ್ಪಾ?”

“ಮಣ್ಣು ಒಣಗ್ಲಿ ಇರೋ.”

“ಎಷ್ಟು ಸಲ ಒಣಗ್ಬೇಕಪ್ಪಾ ಅದು?”

ಗಾಣದ ಹತ್ತಿರ ಜನ ಬೇರೆ ಕಿಚಾಯಿಸುತ್ತಿದ್ದರು. “ರಾಜನಿಗೇನಾದ್ರೂ ಅರಮನೆ ಕಟ್ತಿದ್ದೀಯೇನಯ್ಯಾ?”

ಆಲಿವ್ ಕಾಯಿ ಅರೆಯುವ ಕಾಲಕ್ಕೆ ಶಪ್ಪೀರಾಳ ಸೋದರತ್ತೆ ಕತ್ತೆಯ ಮೇಲೆ ಕಾಯಿ ಹೇರಿಕೊಂಡು ಬಂದಳು. ಗಾಣದ ಕಡೆ ತಿರುಗಿಯೂ ನೋಡದೆ ನೇರವಾಗಿ ಯೋಯೆಜರನ ಮುಂದೆ ನಿಂತಳು.

“ಹುಡುಗಿ ದಿನಾ ಸಂಜೆ ತಲೆ ಬಾಚ್ಕೊಂಡು, ದೀಪಕ್ಕೆ ಎಣ್ಣೆ ತುಂಬಿಟ್ಟು ಕೂತ್ಕೋತಾಳೆ. ನಿಮ್ಮ ಕಡೆಯವರು ಮರ್ತೇ ಬಿಟ್ರು ಅಂತ ಊರೆಲ್ಲಾ ಆಡ್ಕೋತಿದೆ. ‘ಅವರ ಬಟ್ಟಲಲ್ಲಿ ಕುಡಿದಿದ್ದೀನಿ, ಬರ್ತಾರೆ’ ಅಂತಾಳೆ, ಅಷ್ಟೇ. ನಮ್ಮವರು ದೇವರಿಗೆ ಕಾಯೋ ಹಾಗೆ ಕಾಯ್ತಿದ್ದಾಳಯ್ಯಾ. ನೀನೇನು ದೇವರಾ?”

ಆ ದಿನ ಯೋಯೆಜರ್ ಊಟ ಮುಟ್ಟಲಿಲ್ಲ. ಹೆಂಡತಿ ಶೆಲೋಮಿತ್ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವನೆದುರು ಕೂತಳು.

“ಅಜರ್ಯನ ನೆನಪಲ್ವಾ?”

ಅಜರ್ಯ ಅವರ ಹಿರಿಯ ಮಗ. ಅವನ ಕೋಣೆಯನ್ನೂ ಯೋಯೆಜರನೇ ನೋಡಿ ‘ಹೋಗು’ ಎಂದಿದ್ದ. ಮೊದಲ ಮಳೆಗೆ ಚಾವಣಿ ಕುಸಿದು, ಮದುವೆಯ ಹಾಡು ನಿಲ್ಲುವ ಮೊದಲೇ ಮಗ ಹೋಗಿಬಿಟ್ಟ.

“ಇನ್ನೊಂದು ಸಲ ನನ್ನ ಬಾಯಿಂದ ಆ ಮಾತು ಬರಲ್ಲ ಕಣೇ,” ಎಂದ ಯೋಯೆಜರ್.

“ಹಾಗಾದ್ರೆ ಆ ಹುಡುಗಿ ಅಲ್ಲೇ ಮುದುಕಿಯಾಗ್ಲಾ?”

ಮರುದಿನ ಬೆಳಗ್ಗೆ ಮೋಡ ಕವಿದು ಮಳೆ ಹಿಡಿಯಿತು. ಯೋಯೆಜರ್ ಯಾರಿಗೂ ಹೇಳದೆ ಹೊಸ ಕೋಣೆಗೆ ಹೋಗಿ ನಡುಮಧ್ಯೆ ಕೂತ. ಮೇಲೆ ಮಣ್ಣು ನೀರು ಕುಡಿದು ಭಾರವಾಗುತ್ತಿದ್ದುದು ಅವನಿಗೆ ತನ್ನ ಬೆನ್ನ ಮೇಲೆಯೇ ಆದಂತಿತ್ತು. ತೊಲೆಯೊಂದು ಕಿರ್ ಎಂದಿತು. ಎದ್ದು ಓಡಬೇಕೆನಿಸಿದರೂ ಹಲ್ಲು ಕಚ್ಚಿ ಕೂತೇ ಇದ್ದ. “ನನ್ನ ಕೈಲಾದದ್ದು ಮಾಡಿದ್ದೀನಿ, ಸ್ವಾಮೀ,” ಎಂದ. ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಮೂಲೆಯಲ್ಲೊಂದು ಕಡೆ ಸೋರಿತು, ಅಷ್ಟೇ.

ಮಳೆ ಬಿಟ್ಟಾಗ ಹೊರಬಂದ. ಮಗ ಅಂಗಳದಲ್ಲಿ ತೊಯ್ದು ನಿಂತಿದ್ದ.

“ಹೋಗು,” ಎಂದ ಯೋಯೆಜರ್. “ಹೋಗಿ ಕರ್ಕೊಂಡ್ ಬಾ.”

ಮೆನಹೇಮ್ ಗೆಳೆಯರನ್ನು ಕೂಗುತ್ತ ಓಡಿದ. ದೀಪ ಹಚ್ಚುವ ಹೊತ್ತಿಗೆ ಹಾಡಿನೊಂದಿಗೆ ದಿಬ್ಬಣ ಬಂತು. ಶಪ್ಪೀರಾ ಬಾಗಿ ಮಾವನ ಕೈಗೆ ಮುತ್ತಿಟ್ಟಳು.

“ಭಯಕ್ಕೆ ತಡ ಮಾಡ್ಬಿಟ್ಟೆ ತಾಯಿ.”

“ನನಗೂ ಭಯ ಆಗಿತ್ತು ಮಾವ. ಒಂದೊಂದ್ ದಿನ ತುಂಬಾ,” ಎಂದಳು ಅವಳು, ಮೆಲ್ಲಗೆ.

ಮದುವೆಯ ವಾರದಲ್ಲಿ ಮತ್ತೆ ಮಳೆ ಬಂತು. ಎಲ್ಲರೂ ಕುಣಿಯುತ್ತಿದ್ದರು. ಯೋಯೆಜರ್ ಒಬ್ಬನೇ ಏಣಿ ಹತ್ತಿ, ಸೋರದಂತೆ ಗಟ್ಟಿಯಾಗಲೆಂದು ಚಾವಣಿಯ ಒದ್ದೆ ಮಣ್ಣಿನ ಮೇಲೆ ಉರುಳುಗಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ.