ಗಾಂಜಾ ಬಿಡಲು ನಂಜನಗೂಡಿಗೆ

ನಾನು ಮತ್ತು ನನ್ನ ಹೆಂಡತಿ ಮಂಗಳ ಸೋಸಲೆಯಿಂದ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಹೊರಟೆವು. ತಿ. ನರಸೀಪುರದಲ್ಲಿ ಇಳಿದು ನಂಜನಗೂಡಿನ ಬಸ್ಸು ಹಿಡಿಯುವಾಗ ಎಂಟಾಗಿತ್ತು. ಚಳಿ ಬಿಟ್ಟಿರಲಿಲ್ಲ, ಹೊಳೆಯ ಮೇಲೆ ಮಂಜು ಇನ್ನೂ ಕೂತಿತ್ತು. ಕಂಡಕ್ಟರ್ ಮಂಗಳಳ ಆಧಾರ್ ನೋಡಿ ಶೂನ್ಯ ಟಿಕೆಟ್ ಕೊಟ್ಟ. ನನ್ನ ಟಿಕೆಟ್ಟಿಗೆ ಐವತ್ತು ರೂಪಾಯಿಯ ನೋಟು ಕೊಟ್ಟು ಚಿಲ್ಲರೆ ಪಡೆದೆ.

ಎದುರು ಸೀಟಿನ ಅಜ್ಜಿಯೊಬ್ಬರು, "ದೇವಸ್ಥಾನಕ್ಕೇನಪ್ಪಾ?" ಎಂದರು. ಹೂಂ ಎಂದೆ. ಆಸ್ಪತ್ರೆಗೆ ಎನ್ನಲು ನಾಲಿಗೆ ಏಳಲಿಲ್ಲ.

ನಾನು ಗಾಂಜಾ ಸೇದಲು ಶುರುಮಾಡಿ ಹದಿನಾಲ್ಕು ವರ್ಷವಾಗಿತ್ತು. ನರಸೀಪುರದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೆ ಒಳಗಿನ ತಾಮ್ರದ ತಂತಿ ಕಿತ್ತು ಹೊಸದಾಗಿ ಸುತ್ತಿಕೊಡುವ ಕೆಲಸ. ಮೊದಮೊದಲು ಅಂಗಡಿ ಮುಚ್ಚಿದ ಮೇಲೆ ಸೇದುತ್ತಿದ್ದವನು ಕೊನೆಕೊನೆಗೆ ಶಟರ್ ಎತ್ತುವ ಮೊದಲೇ ಸೇದತೊಡಗಿದೆ. ಸೇದದಿದ್ದರೆ ಕೈ ಬೆವರುತ್ತಿತ್ತು, ಊಟ ಸೇರುತ್ತಿರಲಿಲ್ಲ, ಮಂಗಳ ಬಾಯಿ ತೆರೆದರೆ ಸಿಡುಕುತ್ತಿದ್ದೆ.

ಅದಕ್ಕೆ ಎರಡು ತಿಂಗಳ ಹಿಂದೆ ಹದಿನಾರು ಎಂಬ ಊರಿನ ರೈತ ಬಸವಣ್ಣನವರ ಮೋಟಾರನ್ನು ಅಮಲಿನಲ್ಲೇ ಕಟ್ಟಿಕೊಟ್ಟಿದ್ದೆ. ಒಳಗೆ ಒಂದು ತಂತಿ ಮೋಟಾರಿನ ಕಬ್ಬಿಣಕ್ಕೆ ತಾಗಿಕೊಂಡಿದ್ದು ಕಾಣಲಿಲ್ಲ, ಮೀಟರ್ ಇಟ್ಟು ನೋಡುವುದನ್ನೂ ಮರೆತೆ. ಗದ್ದೆಯಲ್ಲಿ ಅದನ್ನು ಮುಟ್ಟಿದ ಬಸವಣ್ಣನವರನ್ನು ಕರೆಂಟು ಎತ್ತಿ ಎಸೆಯಿತು. ಅಂಗೈ ಸುಟ್ಟು, ಭುಜದ ಕೀಲು ತಪ್ಪಿ, ಹದಿನೈದು ದಿನ ಮಲಗಿದ್ದರು. ಅವರು ದೂರು ಕೊಡಲಿಲ್ಲ, ಅಂಗಡಿಗೂ ಬರಲಿಲ್ಲ. ನಾನೂ ಹೋಗಿ ಮುಖ ತೋರಿಸಲಿಲ್ಲ. ಚಿಕಿತ್ಸೆಗೆ ಬರುತ್ತೇನೆಂದು ಮಂಗಳಳಿಗೆ ಮಾತು ಕೊಟ್ಟಿದ್ದು ಅದಾದ ಮೇಲೆಯೇ.

ಹದಿನಾರಿನ ಕಡೆಯ ಕ್ರಾಸಿನಲ್ಲಿ ಬಸ್ಸು ನಿಂತಿತು. ಹತ್ತಿದವರಲ್ಲಿ ಬಸವಣ್ಣನವರೂ ಇದ್ದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವರು ನೇರವಾಗಿ ನಮ್ಮ ಸೀಟಿನ ಹತ್ತಿರವೇ ಬಂದರು. ಮಂಗಳ ಎದ್ದು ಅವರಿಗೆ ಜಾಗ ಬಿಟ್ಟಳು.

"ಹೋದ ವಾರ ಇವ್ರ ಮನೆಗೆ ಹೋಗಿ ಎಲ್ಲಾ ಹೇಳಿದೀನಿ. ಇವತ್ತು ಬನ್ನಿ ಅಂತ ಕರೆದಿದ್ದೂ ನಾನೇ," ಎಂದಳು.

"ಎದ್ರುಕೋಬೇಡ ಕಣ್ಲಾ ಮಾದೇಶ, ಒಡೆಯಾಕೆ ಬಂದಿಲ್ಲ," ಎಂದರು ಬಸವಣ್ಣ. "ನಾನು ಕುಡಿಯಾದ್ ಬುಟ್ಟಿದ್ದೂ ಅದೇ ಆಸ್ಪತ್ರೇಲಿ. ಆರು ವರ್ಸ ಆಯ್ತು. ಬಾಗಿಲ ತಾವ ಓಗೋಗಂಟ ಚೆನ್ನಾಗೇ ಇರ್ತೀಯ, ಆಮೇಲೆ ಕಾಲು ಇಂದುಕ್ಕೆ ಎಳೀತದೆ. ಅದುಕ್ಕೇ ಒಬ್ರು ಜೊತೇಲಿರ್ಬೇಕು."

"ನಿಮ್ಮ ಕೈ..." ಎಂದೆ. ಅವರು ಮುಷ್ಟಿ ಬಿಗಿಹಿಡಿದು ಬಿಚ್ಚಿ ತೋರಿಸಿದರು. "ಮಡಚ್ತದೆ. ಮೊದ್ಲು ನೀನು ಸರಿಯಾಗು."

ಒಂಬತ್ತೂವರೆಗೆ ನಂಜನಗೂಡು. ಬಿಸಿಲು ಬಂದಿತ್ತು. ಬಸ್ಸಿನಲ್ಲಿದ್ದ ಹೆಚ್ಚಿನವರು ದೇವಸ್ಥಾನದ ಕಡೆ ನಡೆದರು, ನಾವು ಮೂವರೂ ಆಟೋ ಹತ್ತಿ ಆಸ್ಪತ್ರೆಗೆ ಹೋದೆವು. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ನಮ್ಮ ಮುಂದೆ ಎಂಟು ಜನರಿದ್ದರು. ಐದನೆಯವರು ಒಳಗೆ ಹೋದಾಗ, ಬಾತ್‌ರೂಮಿಗೆ ಹೋಗಿ ಬರುತ್ತೇನೆಂದು ಎದ್ದವನು ಗೇಟಿನವರೆಗೂ ನಡೆದುಬಿಟ್ಟೆ. ಗೇಟಿನ ಪಕ್ಕದ ಗೂಡಂಗಡಿಯಲ್ಲಿ ಬಸವಣ್ಣ ಟೀ ಹಿಡಿದು ನಿಂತಿದ್ದರು. ಎಲ್ಲಿಗೆ ಎಂದು ಕೇಳಲಿಲ್ಲ. "ಒಂದು ಟೀ ಕುಡಿ. ಆಮೇಲೆ ಒಳಕ್ಕೋಗವ," ಎಂದರು. ಕುಡಿದು ಅವರ ಹಿಂದೆಯೇ ಒಳಗೆ ಹೋದೆ.

ಡಾಕ್ಟರು ನನಗಿಂತ ಚಿಕ್ಕವರು, ಹೆಣ್ಣುಮಗಳು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ ಎಂದೆಲ್ಲ ಕೇಳಿದರು. ಆಮೇಲೆ, "ಕೊನೇ ಸಲ ಸೇದಿದ್ದು ಯಾವಾಗ?" ಎಂದರು. ಮೂರು ದಿನದಿಂದ ಮುಟ್ಟಿಲ್ಲವೆಂದು ನಾನು ಮಂಗಳಳಿಗೆ ಹೇಳಿದ್ದೆ. ಅವಳು ಪಕ್ಕದಲ್ಲೇ ಕೂತಿದ್ದಳು. ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ತಡೆದೆ.

"ಇವತ್ತು ಬೆಳಿಗ್ಗೆ. ಹಿತ್ತಲಲ್ಲಿ," ಎಂದೆ.

ಮಂಗಳ ನೆಲ ನೋಡುತ್ತಿದ್ದಳು. ಡಾಕ್ಟರು ಬೈಯಲಿಲ್ಲ, ಬರೆದುಕೊಂಡರು.

"ಪೊಲೀಸರಿಗೆ ಗೊತ್ತಾಗ್ತದಾ ಮೇಡಂ?"

"ಇಲ್ಲಿ ನೀವು ಪೇಷಂಟು. ನೀವು ಹೇಳಿದ್ದು ಈ ರೂಮಲ್ಲೇ ಇರುತ್ತೆ."

ಗಾಂಜಾ ಬಿಡಿಸುವ ಮಾತ್ರೆ ಅಂತ ಯಾವುದೂ ಇಲ್ಲ, ನಿದ್ದೆಗೆ ಮಾತ್ರ ಕೆಲವು ದಿನ ಮಾತ್ರೆ ಕೊಡುತ್ತೇನೆ ಎಂದರು. ಅದು ಮುಗಿಯುವವರೆಗೆ ಕರೆಂಟಿನ ಕೆಲಸ ಮುಟ್ಟುವಂತಿರಲಿಲ್ಲ. ಅಡ್ಮಿಟ್ ಆಗುವುದು ಬೇಕಿರಲಿಲ್ಲ, ವಾರಕ್ಕೊಮ್ಮೆ ಬಂದು ಕೌನ್ಸೆಲರ್ ಹತ್ತಿರ ಮಾತಾಡಬೇಕಿತ್ತು. "ಮಧ್ಯೆ ಒಂದು ಸಲ ಸೇದಿಬಿಟ್ರೆ ಮುಚ್ಚಿಡಬೇಡಿ. ಎಲ್ಲಾ ಮುಗೀತು ಅಂತ ಮನೇಲಿ ಕೂರಲೂಬೇಡಿ. ಇಲ್ಲಿಗೆ ಬನ್ನಿ," ಎಂದರು.

ಕೌನ್ಸೆಲರ್ ಒಂದು ಗಂಟೆ ಕೂರಿಸಿಕೊಂಡರು. ಸೇದುವ ಆಸೆ ಹೆಚ್ಚು ಏಳುವುದು ಶಟರ್ ಎತ್ತುವ ಮುಂಚೆ ಎಂದು ನಾನು ಹೇಳಿದಾಗ, ಮೊದಲ ವಾರಗಳಲ್ಲಿ ಮಂಗಳಳೂ ಜೊತೆಗೇ ಅಂಗಡಿಗೆ ಬರಲಿ ಎಂದರು. ಸೇದಲು ಕರೆಯುವವರ ನಂಬರುಗಳನ್ನು ಅವರ ಮುಂದೆಯೇ ಅಳಿಸಿದೆ. ಆಮೇಲಿನದು ಅವರು ಹೇಳಿದ ಹಾಗೇ ಆಯಿತು. ಮೊದಲ ವಾರ ನಿದ್ದೆಯಿಲ್ಲ, ಮೈಯೆಲ್ಲ ಬೆವರು, ಕೆಟ್ಟ ಕನಸು. ಮೂರನೇ ವಾರಕ್ಕೆ ಹಸಿವು ಮರಳಿತು. ಒಂದು ಸಲ ಜಾರಿದೆ, ಮರುದಿನವೇ ಹೋಗಿ ಹೇಳಿದೆ. ಅದಾದ ಮೇಲೆ ಮುಟ್ಟದೆ ಈಗ ಎಂಟು ತಿಂಗಳಾಗಿದೆ.

ಅವತ್ತು ಹೊರಗೆ ಬಂದ ಮೇಲೆ ಮಂಗಳ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಬೆಳಿಗ್ಗೆ ವಾಸನೆ ಬಂದಿತ್ತು ನಂಗೆ," ಎಂದಳು. "ಒಳಗೆ ನೀವು ಸುಳ್ಳು ಹೇಳಿದ್ರೆ, ಇಲ್ಲಿಂದ್ಲೇ ಹೆಮ್ಮರಗಾಲದ ಬಸ್ ಹತ್ತೋಣ ಅಂತಿದ್ದೆ." ಹೆಮ್ಮರಗಾಲ ಅವಳ ತವರು. ಬ್ಯಾಗಿನ ಜಿಪ್ ಎಳೆದು ತೋರಿಸಿದಳು. ಒಳಗೆ ಅವಳ ನಾಲ್ಕು ಸೀರೆಗಳಿದ್ದವು. ಅವಳು ಜಿಪ್ ಮುಚ್ಚಿ, "ನಡೀರಿ, ಹಸಿವಾಗ್ತಿದೆ," ಎಂದಳು.

ಮೂವರೂ ಒಂದು ಮೆಸ್ಸಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡೆವು. ನನಗೆ ಅರ್ಧ ಮುದ್ದೆಯಷ್ಟೇ ಸೇರಿತು. ಆದರೂ ಎದೆಯ ಮೇಲಿನ ಭಾರ ಇಳಿದಂತಿತ್ತು. ಮೂರು ಗಂಟೆಯ ಬಸ್ಸಿನಲ್ಲಿ ಹಿಂದಿರುಗಿದೆವು. ಬಸವಣ್ಣ ಕ್ರಾಸಿನಲ್ಲಿ ಇಳಿಯುವಾಗ, "ಮುಂದಿನ್ ವಾರನೂ ಇಲ್ಲೇ ಅತ್ತುತೀನಿ, ಸೀಟು ಇಡ್ಕೊಂಡಿರು," ಎಂದರು.

ನರಸೀಪುರದಲ್ಲಿ ಬಸ್ಸು ಬದಲಿಸಿ ಕೂತ ಕೂಡಲೇ ಮಂಗಳ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ದಿನಾ ರಾತ್ರಿ ನಾನು ಮನೆ ಸೇರುವವರೆಗೂ ಕಣ್ಣು ಮುಚ್ಚದೆ ಕೂತಿರುತ್ತಿದ್ದವಳು ಅವಳು, ಎಷ್ಟು ತಿಂಗಳ ನಿದ್ದೆಯೋ. ಕಂಡಕ್ಟರ್ "ಸೋಸಲೆ, ಸೋಸಲೆ" ಎಂದು ಕೂಗಿದ. ನಾನು ಎಬ್ಬಿಸಲಿಲ್ಲ, ಬೇಡವೆಂದು ಅವನಿಗೆ ಕೈಸನ್ನೆ ಮಾಡಿದೆ. ಮುಂದಿನ ಸ್ಟಾಪಿನಲ್ಲಿ ಅವಳು ತಾನಾಗಿ ಎದ್ದು, "ಊರು ದಾಟಿಬಿಡ್ತಲ್ಲಾ," ಎಂದಳು. ಇಳಿದು, ಸಂಜೆ ಬಿಸಿಲಲ್ಲಿ ಬ್ಯಾಗನ್ನು ನಾನೇ ಹೊತ್ತುಕೊಂಡು, ಇಬ್ಬರೂ ನಡೆದುಕೊಂಡೇ ಊರಿಗೆ ವಾಪಸು ಬಂದೆವು.